ಅಕ್ಕನ ಮಗನ ಸೆಸ್ನಾದಿಂದ ತೆಗೆದ ಅಘನಾಶಿನಿ: ಈ ಫೋಟೊ ಹಂಚಬಹುದೇ?

ಪ್ರಶ್ನೆ: ನಾನು ಕುಮಟಾ ಹತ್ತಿರದ ಹಳ್ಳಿಯವಳು, ನಿವೃತ್ತ ಶಿಕ್ಷಕಿ. ನನ್ನ ಅಕ್ಕನ ಮಗನಿಗೆ ಖಾಸಗಿ ಪೈಲಟ್ ಪರವಾನಗಿ ಇದೆ. ಕಳೆದ ನವೆಂಬರಿನಲ್ಲಿ ತನ್ನ ಸ್ನೇಹಿತನ ನಾಲ್ಕು ಸೀಟಿನ ಸೆಸ್ನಾ ವಿಮಾನದಲ್ಲಿ ನನ್ನನ್ನು ಕೂರಿಸಿಕೊಂಡು ಶಿರಸಿ ಮೇಲಿಂದ ಘಟ್ಟ ದಾಟಿಸಿ ಕುಮಟಾ, ಗೋಕರ್ಣ, ಅಂಕೋಲಾದವರೆಗೆ ತೋರಿಸಿದ. ಫೋನಿನಲ್ಲೂ ಸಣ್ಣ ಕ್ಯಾಮೆರಾದಲ್ಲೂ ಮುನ್ನೂರಕ್ಕೂ ಹೆಚ್ಚು ಫೋಟೊ ತೆಗೆದೆ. ವಾಟ್ಸಾಪ್ ಗ್ರೂಪಿಗೆ ಹಾಕು ಎಂದು ಮನೆಯವರ ಒತ್ತಾಯ. ನಾನು ಕಲಿಸಿದ ಶಾಲೆಯಲ್ಲಿ ಪ್ರದರ್ಶನ ಇಡಬೇಕೆಂದು ನನ್ನ ಆಸೆ. ಹೀಗೆ ಹಂಚುವುದಕ್ಕೆ ಏನಾದರೂ ಅಡ್ಡಿ ಇದೆಯೇ? ಹಲವು ಫೋಟೊ ನೀಲಿ ನೀಲಿಯಾಗಿ ಮಸುಕಾಗಿವೆ, ಸರಿ ಮಾಡಬಹುದೇ? ಆರು ಫೋಟೊ ಜೊತೆಗೆ ಕಳಿಸಿದ್ದೇನೆ.

ಉತ್ತರ: ಅಕ್ಕೋರೆ, ನಿಮ್ಮ ನಾಲ್ಕನೆಯ ಫೋಟೊ ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆ, ನೀರು ಇಳಿದ ಹೊತ್ತು. ಹೊಳೆಯ ನಡುವೆ ಬೂದುಬಣ್ಣದ ಕೆಸರುದಿಬ್ಬಗಳು ಎದ್ದಿವೆ. ದಿಬ್ಬದ ಅಂಚಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ದೊಡ್ಡದು ಮಾಡಿ ನೋಡಿದರೆ ಆ ಚುಕ್ಕೆಗಳೆಲ್ಲ ಬಗ್ಗಿ ಬೆಳಚು (ಚಿಪ್ಪುಮೀನು) ಆರಿಸುತ್ತಿರುವ ಜನ. ಪಕ್ಕದಲ್ಲಿ ಎರಡು ದೋಣಿ ಕೆಸರಿನಲ್ಲಿ ಓರೆಯಾಗಿ ಕೂತಿವೆ. ಎಡಮೇಲಿನ ಮೂಲೆಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು ಹಂಚು ಜೋಡಿಸಿಟ್ಟ ಹಾಗೆ ಸಾಲಾಗಿ ಮಿಂಚುತ್ತಿವೆ. ಉಪ್ಪು ಏಳುವುದು ಬೇಸಿಗೆಯಲ್ಲಿ, ಹಾಗಾಗಿ ನವೆಂಬರಿನ ನಿಮ್ಮ ಫೋಟೊದಲ್ಲಿ ಅಲ್ಲಿರುವುದು ಬರೀ ನೀರು. ಆಚೆಗೆ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ಬಂಡುಗಳು, ಬಂಡಿನ ಬುಡಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡುಹಸಿರು ಗೆರೆ. ಜಿಲ್ಲೆಯ ಪ್ರತಿ ಮಗುವೂ ಒಮ್ಮೆ ನೋಡಬೇಕಾದ ಫೋಟೊ ಇದು. ಹಳ್ಳಿಯ ದಂಡೆಯ ಮೇಲೆ ನಿಂತವರಿಗೆ ಹೊಳೆ ಒಂದು, ಗದ್ದೆ ಒಂದು, ಆಗರ ಇನ್ನೊಂದು. ಮೇಲಿಂದ ನೋಡಿದಾಗ ಮಾತ್ರ ಮೂರೂ ಒಂದೇ ಭರತ-ಇಳಿತದ ನೀರನ್ನು ಹಂಚಿಕೊಂಡು ಬದುಕಿವೆ ಎಂದು ಗೊತ್ತಾಗುತ್ತದೆ.

ಆದರೂ ಇವತ್ತೇ ಗ್ರೂಪಿಗೆ ಹಾಕಬೇಡಿ. ಮೊದಲು ಅಕ್ಕನ ಮಗನಿಗೆ ಫೋನ್ ಮಾಡಿ ಒಂದೇ ಮಾತು ಕೇಳಿ: ಆ ಹಾರಾಟದಲ್ಲಿ ಫೋಟೊ ತೆಗೆಯಲು ಲಿಖಿತ ಅನುಮತಿ ಇತ್ತೇ?

ಯಾಕೆ ಕೇಳಬೇಕು ಎಂದರೆ, ನಮ್ಮ ದೇಶದ ವಿಮಾನ ನಿಯಮಗಳು, 1937ರಲ್ಲಿ 13ನೆಯ ನಿಯಮ ಇದಕ್ಕಾಗಿಯೇ ಇದೆ. ಹಾರುತ್ತಿರುವ ವಿಮಾನದಿಂದ ಫೋಟೊ ತೆಗೆಯಬೇಕಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಲಿಖಿತ ಅನುಮತಿ ಬೇಕು. ಅನುಮತಿ ಇಲ್ಲದೆ ತೆಗೆಯುವಂತಿಲ್ಲ, ತೆಗೆಸುವಂತಿಲ್ಲ, ತೆಗೆಯಲು ಬಿಡುವಂತೆಯೂ ಇಲ್ಲ. ಕೊನೆಯ ಮಾತು ಬಹಳ ಮುಖ್ಯ. ಕ್ಯಾಮೆರಾ ಹಿಡಿದವರು ನೀವಾದರೂ ಬಿಟ್ಟವನು ಪೈಲಟ್. ಹೆಚ್ಚುಕಮ್ಮಿ ಆದರೆ ಅವನ ಪರವಾನಗಿಗೇ ಕುತ್ತು ಬರಬಹುದು. ನಾವು ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಟಿಕೆಟ್ ತೆಗೆದು ಹೋಗುವಾಗ ಕಿಟಕಿಯಿಂದ ಫೋಟೊ ಹೊಡೆಯುತ್ತೇವಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಬೇರೆಯೇ ರಿಯಾಯಿತಿ ಇದೆ. ವೇಳಾಪಟ್ಟಿಯ ಪ್ರಕಾರ ಹಾರುವ ಪ್ರಯಾಣಿಕ ವಿಮಾನದ ಒಳಗಿರುವವರಿಗೆ ಡಿಜಿಸಿಎ 2004ರಲ್ಲಿ ಅವಕಾಶ ಕೊಟ್ಟಿತ್ತು, 2020ರ ಸೆಪ್ಟೆಂಬರಿನಲ್ಲಿ ಅದನ್ನೇ ಮತ್ತೆ ನೆನಪಿಸಿತು. ಅಲ್ಲಿಯೂ ರಕ್ಷಣಾ ಪಡೆಗಳ ನಿಲ್ದಾಣದಲ್ಲಿ ಇಳಿಯುವಾಗ, ಏರುವಾಗ ಕ್ಯಾಮೆರಾ ಒಳಗೇ ಇರಬೇಕು. ನಮಗೆ ಹತ್ತಿರದ ಉದಾಹರಣೆ ಗೋವಾದ ದಾಬೋಲಿಮ್. ಅದು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯೂ ಹೌದು. ಸ್ನೇಹಿತನ ಸೆಸ್ನಾ ವೇಳಾಪಟ್ಟಿಯ ವಿಮಾನವಲ್ಲ. ಹಾಗಾಗಿ ಆ ರಿಯಾಯಿತಿ ನಿಮಗೆ ಸಿಗುವುದಿಲ್ಲ.

ಈಚೆಗೆ 1934ರ ಹಳೆಯ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದೆ, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಮುಂದಿನ ಸಲ ಅರ್ಜಿ ಹಾಕುವಾಗ ಆ ದಿನಕ್ಕೆ ಯಾವ ನಿಯಮ ಚಾಲ್ತಿಯಲ್ಲಿದೆಯೋ ಅದನ್ನೇ ನೋಡಿಕೊಳ್ಳಲಿ, ಹಳೆಯ ಫಾರಂ ನಂಬಿ ಕೂರುವುದು ಬೇಡ. ಈ ಅರ್ಜಿಗಳು ರಕ್ಷಣಾ ಸಚಿವಾಲಯದ ಮೇಜನ್ನೂ ದಾಟಿ ಬರಬೇಕು. ನಾನು ಸರ್ವೆ ಕೆಲಸಕ್ಕೆ ಕ್ಯಾಮೆರಾ ಹಿಡಿದು ಹಾರುತ್ತಿದ್ದ ದಿನಗಳಲ್ಲಿ ಎರಡು ತಾಸಿನ ಹಾರಾಟಕ್ಕೆ ತಿಂಗಳುಗಟ್ಟಲೆ ಕಾದದ್ದಿದೆ. ಕಾದದ್ದು ದಂಡವಾಗಲಿಲ್ಲ. ಆ ಕಾಗದ ಕೈಯಲ್ಲಿದ್ದದ್ದರಿಂದಲೇ ಇವತ್ತಿಗೂ ಆ ಫೋಟೊಗಳನ್ನು ಯಾರ ಮುಂದೆಯೂ ಧೈರ್ಯವಾಗಿ ಇಡುತ್ತೇನೆ.

ಅನುಮತಿ ಇರಲಿಲ್ಲ ಎಂದು ಅವನು ಹೇಳಿದರೆ? ಆಗ ಈ ಮುನ್ನೂರು ಫೋಟೊ ಸದ್ಯಕ್ಕೆ ನಿಮ್ಮ ಬಳಿಯೇ ಇರಲಿ. ಗ್ರೂಪಿಗೂ ಬೇಡ, ಶಾಲೆಗೂ ಬೇಡ. ಗಾಬರಿಯಾಗಿ ಅಳಿಸಿಹಾಕುವುದೂ ಬೇಡ, ತಾರೀಖು ತಿದ್ದುವುದಂತೂ ಬೇಡವೇ ಬೇಡ. ಅವನು ತನ್ನ ತರಬೇತುದಾರರನ್ನೋ ವಿಮಾನಯಾನದ ಕಾನೂನು ಬಲ್ಲ ವಕೀಲರನ್ನೋ ಕಂಡು ಮುಂದೇನು ಎಂದು ಕೇಳಲಿ. ‘ಗೂಗಲ್‌ನಲ್ಲಿ ಇದಕ್ಕಿಂತ ಚೆನ್ನಾಗಿ ಕಾಣುತ್ತದಲ್ಲ, ಇದರಲ್ಲೇನು ಗುಟ್ಟು’ ಎಂದು ಮನೆಯಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಉಪಗ್ರಹದಲ್ಲಿ ಏನು ಕಾಣುತ್ತದೆ ಎನ್ನುವುದು ಬೇರೆ ಮಾತು. ನಿಯಮ ಇರುವುದು ನಮ್ಮ ವಿಮಾನದಿಂದ ನಾವು ತೆಗೆಯುವ ಫೋಟೊಕ್ಕೆ. ಇನ್ನೊಂದು ಕಡೆ ಕಾಣುತ್ತದೆ ಎಂಬ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ.

ಈಗ ನಿಮ್ಮ ಆರನೆಯ ಫೋಟೊಕ್ಕೆ ಬರುತ್ತೇನೆ. ಅಂಕೋಲಾ ಹತ್ತಿರದಿಂದ ಉತ್ತರಕ್ಕೆ ತಿರುಗಿ ತೆಗೆದದ್ದು, ಮುಂದೆ ತೆಂಗಿನ ಸಾಲು, ಮರಳು, ಹಿಂದೆ ಗುಡ್ಡ. ಚೆಂದದ ಫೋಟೊ. ಅದನ್ನು ನಾನು ನನ್ನ ಕಂಪ್ಯೂಟರಿನಿಂದ ತೆಗೆದುಹಾಕಿದ್ದೇನೆ, ನೀವೂ ಬೇರೆ ಯಾರಿಗೂ ಕಳಿಸಬೇಡಿ. ನನಗೆ ಕಳಿಸಿದ್ದೂ ಒಂದು ಹಂಚಿಕೆಯೇ ಎನ್ನುವುದು ನೆನಪಿರಲಿ. ಆ ಗುಡ್ಡಗಳ ಆಚೆಗೆ ಇರುವುದು ಕಾರವಾರದ ನೌಕಾನೆಲೆ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆ 2005ರ ಮೇ 31ರಂದು ಐಎನ್‌ಎಸ್ ಕದಂಬ ಆಯಿತು. ಬಿಣಗಾ, ಅರ್ಗಾ ಕಡೆಯ ಕರಾವಳಿ, ಎದುರಿನ ಅಂಜುದೀವ್ ದ್ವೀಪ, ಎಲ್ಲವೂ ಅದರ ತೆಕ್ಕೆಯಲ್ಲಿವೆ. ಆ ನೆಲೆಗಾಗಿ ಮನೆ ಗದ್ದೆ ಬಿಟ್ಟುಹೋದ ಕುಟುಂಬಗಳ ಮಕ್ಕಳು ನಿಮ್ಮ ತರಗತಿಯಲ್ಲೂ ಕೂತಿರಬಹುದು.

‘ನಾವು ಅಲ್ಲಿಗೆ ಹೋಗಲೇ ಇಲ್ಲವಲ್ಲ’ ಎನ್ನುತ್ತೀರಿ. ಹೋಗಬೇಕಾಗಿಯೇ ಇಲ್ಲ. ಮೂರು ಸಾವಿರ ಅಡಿ ಎತ್ತರದಲ್ಲಿದ್ದರೆ ದಿಗಂತ ಸುಮಾರು 108 ಕಿಲೋಮೀಟರ್ ದೂರ. ಗೋಕರ್ಣದಿಂದ ಕಾರವಾರಕ್ಕೆ ಹಕ್ಕಿ ಹಾರಿದ ದಾರಿ ಲೆಕ್ಕ ಹಾಕಿದರೆ ಮೂವತ್ತೈದು ಕಿಲೋಮೀಟರ್ ಆಸುಪಾಸು. ಹಾಗಾಗಿ ಗೋಕರ್ಣದ ಮೇಲಿಂದ ಉತ್ತರಕ್ಕೆ ಲೆನ್ಸ್ ತಿರುಗಿಸಿದರೆ ಕಾರವಾರದ ದಿಕ್ಕು ಚೌಕಟ್ಟಿನೊಳಗೆ ಬಂದೇ ಬರುತ್ತದೆ. ಮಬ್ಬಿನಲ್ಲಿ ಕಾಣಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ; ಮಬ್ಬು ತೆಗೆಯುವ ಸಾಫ್ಟ್‌ವೇರ್ ಈಗ ಪ್ರತಿ ಫೋನಿನಲ್ಲೂ ಇದೆ. ಕೆಲವರು ಅಂಥ ಜಾಗವನ್ನು ಮಸುಕು ಮಾಡಿ ಹಂಚುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಸುಕು ಮಾಡಿದ ಚೌಕವೇ ‘ಇಲ್ಲೇನೋ ಇದೆ’ ಎಂದು ಬೆರಳು ತೋರಿಸುತ್ತದೆ. ಅನುಮಾನ ಬಂದ ಫೋಟೊವನ್ನು ಇಡಿಯಾಗಿ ಪಕ್ಕಕ್ಕಿಡುವುದೇ ಲೇಸು. ಕಾಳಿ ಹೊಳೆಯ ಮೇಲಕ್ಕೆ ಹೋದರೆ ಕೈಗಾ ಇದೆ, ತಲಾ 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳು. ಅದಕ್ಕೂ ಇದೇ ಮಾತು. ಅಧಿಕೃತ ರಹಸ್ಯಗಳ ಕಾಯ್ದೆ 1923ರದ್ದು, ನಿಷೇಧಿತ ಸ್ಥಳಗಳ ಚಿತ್ರದ ವಿಷಯದಲ್ಲಿ ಇವತ್ತಿಗೂ ಅದರ ಹಿಡಿತ ಬಿಗಿಯಾಗಿಯೇ ಇದೆ. ವಿಮಾನದ ಬದಲು ಡ್ರೋನ್ ಹಾರಿಸಿದರಾಯಿತು ಎನ್ನುವವರಿಗೂ ಒಂದು ಮಾತು: ಡ್ರೋನ್ ನಿಯಮಗಳು, 2021ರ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯ ಎಂದು ಹಂಚಿದ್ದಾರೆ. ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಎಂದು ನೋಡಲೇಬೇಕು.

ಅನುಮತಿ ಇತ್ತು, ಷರತ್ತಿನಂತೆ ತೋರಿಸಬೇಕಾದವರಿಗೆ ಫೋಟೊ ತೋರಿಸಿಯೂ ಆಯಿತು ಎಂದಿಟ್ಟುಕೊಳ್ಳೋಣ. ಕೆಲಸ ನಿಜವಾಗಿ ಶುರುವಾಗುವುದು ಆಮೇಲೆ. ಮೇಲಿಂದ ತೆಗೆದ ಫೋಟೊ ಒಂದು ದಾಖಲೆ. ಊರಿನ ಹೆಸರು, ತಾರೀಖು, ಹೊತ್ತು, ಯಾವ ದಿಕ್ಕಿಗೆ ನೋಡಿ ತೆಗೆದದ್ದು, ನೀರು ಏರಿತ್ತೋ ಇಳಿದಿತ್ತೋ, ಇವಿಷ್ಟು ಜೊತೆಗಿಲ್ಲದಿದ್ದರೆ ಅದು ಕ್ಯಾಲೆಂಡರ್ ಚಿತ್ರ ಅಷ್ಟೇ. ಕಾರವಾರದ ಕಾಳಿ ಸೇತುವೆಯನ್ನೇ ನೋಡಿ. 2024ರ ಆಗಸ್ಟ್ 7ರ ರಾತ್ರಿ ಹಳೆಯ ಸೇತುವೆ ಕುಸಿದು ಹೊಳೆಗೆ ಬಿತ್ತು. ಅದಕ್ಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿ ಗಂಗಾವಳಿ ಹೊಳೆಯವರೆಗೆ ಹೋಯಿತು. ಈ ಎರಡೂ ಜಾಗದ ಹಳೆಯ ನೋಟ ಇರುವ ಫೋಟೊ ಎಷ್ಟೋ ಜನರ ಬಳಿ ಇದ್ದೀತು. ತಾರೀಖಿಲ್ಲದ ಫೋಟೊ ನೋಡಿ ಅಯ್ಯೋ ಎನ್ನಬಹುದು, ಅಷ್ಟೇ. ತಾರೀಖಿದ್ದರೆ ಗುಡ್ಡ ಯಾವ ವರ್ಷ ಎಲ್ಲಿಯವರೆಗೆ ಕಡಿದಿತ್ತು, ದಡ ಎಲ್ಲಿತ್ತು ಎಂದು ಹೇಳಬಹುದು.

ಹೆಸರಿನ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಪ್ರದರ್ಶನಕ್ಕೆ ‘ಗಂಗಾವಳಿ ಅಳಿವೆ’ ಎಂದು ಬರೆದು ದೊಡ್ಡ ಫೋಟೊ ಕೊಟ್ಟಿದ್ದೆ. ಮೀನುಗಾರಿಕೆಯಲ್ಲಿ ಆಯುಷ್ಯ ಕಳೆದ ಹಿರಿಯರೊಬ್ಬರು ಅದರ ಮುಂದೆ ಐದು ನಿಮಿಷ ನಿಂತು ನನ್ನನ್ನು ಕರೆದರು. ‘ತಮಾ, ಇದು ಗಂಗಾವಳಿ ಆದರೆ ಈ ಉಪ್ಪಿನ ಆಗರ ಎಲ್ಲಿಂದ ಬಂತು?’ ಎಂದು ಮೂಲೆಗೆ ಬೆರಳಿಟ್ಟರು. ಅದು ಅಘನಾಶಿನಿ. ಫೋಟೊದ ಒಳಗೆ ಕೂತಿದ್ದ ಜಿಪಿಎಸ್ ಗುರುತು ಗಂಗಾವಳಿ ಎಂದೇ ತೋರಿಸುತ್ತಿತ್ತು, ನಾನು ಅದನ್ನೇ ನಂಬಿ ಬರೆದಿದ್ದೆ. ವಿಮಾನ ಇದ್ದದ್ದು ಗಂಗಾವಳಿಯ ಮೇಲೆ, ಲೆನ್ಸ್ ನೋಡುತ್ತಿದ್ದದ್ದು ಹತ್ತು ಕಿಲೋಮೀಟರ್ ದಕ್ಷಿಣಕ್ಕೆ.

ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ಜಿಪಿಎಸ್ ಬರೆದಿಡುವುದು ನೀವು ಎಲ್ಲಿದ್ದಿರಿ ಎನ್ನುವುದನ್ನು. ನೀವು ಏನು ನೋಡಿದಿರಿ ಎನ್ನುವುದು ಅದಕ್ಕೆ ಗೊತ್ತಿಲ್ಲ. ನೆಲದ ಮೇಲೆ ನಿಂತು ತೆಗೆದಾಗ ಎರಡೂ ಹೆಚ್ಚುಕಮ್ಮಿ ಒಂದೇ, ವಿಮಾನದ ಓರೆ ನೋಟದಲ್ಲಿ ಹಾಗಲ್ಲ. ಫೋಟೊದ ಹೊತ್ತನ್ನು ಹಾರಾಟದ ದಾರಿಯ ಜೊತೆ ಹೋಲಿಸಿ ಜಾಗ ಗುರುತಿಸುವಾಗ ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದರೆ ಇನ್ನೂ ಕಷ್ಟ. ಸೆಸ್ನಾ ನೂರು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 185 ಕಿಲೋಮೀಟರಿನಲ್ಲಿ, ಹೋಗುತ್ತಿದ್ದರೆ ನಿಮಿಷಕ್ಕೆ ಮೂರು ಕಿಲೋಮೀಟರ್ ದಾಟುತ್ತದೆ. ಗಡಿಯಾರ ಎರಡು ನಿಮಿಷ ಹಿಂದಿದ್ದರೆ ನಿಮ್ಮ ಫೋಟೊ ಆರು ಕಿಲೋಮೀಟರ್ ಆಚೆ ಹೋಗಿ ಕೂರುತ್ತದೆ. ಇದಕ್ಕೆ ಸುಲಭದ ಉಪಾಯ ಇದೆ: ಹಾರುವ ಮೊದಲು ಫೋನಿನ ಗಡಿಯಾರವನ್ನು ಕ್ಯಾಮೆರಾದಿಂದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಎರಡರ ನಡುವಿನ ವ್ಯತ್ಯಾಸ ಆಮೇಲೆ ಲೆಕ್ಕಕ್ಕೆ ಸಿಗುತ್ತದೆ. ನಿಮ್ಮ ಸಣ್ಣ ಕ್ಯಾಮೆರಾದ ತಾರೀಖು ಸರಿ ಇದೆಯೇ ಎಂದು ಈಗಲೇ ನೋಡಿ, ಹಾರಾಟದ ದಿನದ ಲೆಕ್ಕ ಇನ್ನೂ ಸಿಗುತ್ತದೆ.

ಹೆಸರು ಖಚಿತ ಮಾಡಿಕೊಳ್ಳಲು ಇಸ್ರೊದ ಭುವನ್ ನಕ್ಷೆ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ. ಹೊಳೆಯ ತಿರುವು, ಸೇತುವೆ, ರೈಲು ಹಳಿ, ಈ ಮೂರನ್ನು ಹಿಡಿದರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ. ಅಳಿವೆಗಳಲ್ಲಂತೂ ಮರಳದಂಡೆಯನ್ನು ಗುರುತಿಗೆ ನಂಬಬೇಡಿ, ಒಂದು ಮಳೆಗಾಲದಲ್ಲಿ ಅದರ ಆಕಾರವೇ ಬದಲಾಗುತ್ತದೆ. ಆಮೇಲೆ ಊರಿನವರಿಗೆ ತೋರಿಸಿ. ಓಂ ಬೀಚ್ ಯಾರು ನೋಡಿದರೂ ಹೇಳುತ್ತಾರೆ, ಮೇಲಿಂದಲೇ ಅದರ ಆಕಾರಕ್ಕೆ ಅರ್ಥ ಬರುವುದು. ಕಾರವಾರದ ಕಡೆಯ, ದಡದಿಂದ ಎಳೆಯುವ ರಂಪಣಿ ಬಲೆ ಅರ್ಧಚಂದ್ರವಾಗಿ ಹರಡಿದ್ದರೆ ಅದು ಯಾವ ತೀರ ಎಂದು ಅಲ್ಲಿಯ ಮೀನುಗಾರರೇ ಹೇಳಬೇಕು, ನಕ್ಷೆಗೆ ಗೊತ್ತಾಗುವುದಿಲ್ಲ. ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು ಎಂಬುದನ್ನು ನಿಮ್ಮ ನಾಲ್ಕನೆಯ ಫೋಟೊದ ಕೆಳಗೆ ಒಂದು ಸಾಲು ಬರೆಯಿರಿ. ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆ ಎಂದೂ ಬರೆಯಿರಿ. ಕಾಳಿ, ಶರಾವತಿಗಳ ಫೋಟೊ ಪಕ್ಕದಲ್ಲಿದ್ದರೆ ಮಕ್ಕಳೇ ವ್ಯತ್ಯಾಸ ಕೇಳುತ್ತಾರೆ.

ಶಿರಸಿಯ ಮೇಲಿನ ಎರಡು ಫೋಟೊಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕಣಿವೆಯ ತಳದಲ್ಲಿ ಅಡಿಕೆ ತೋಟ ಹಸಿರು ಹೊಳೆಯ ಹಾಗೆ ತಿರುಗಿಕೊಂಡು ಹೋಗಿದೆ. ಅದರ ಎರಡೂ ಬದಿಗೆ ಗುಡ್ಡದ ಮೇಲೆ ಮರಗಳು ಬೋಳುಬೋಳಾಗಿ, ಬಿಡಿಬಿಡಿಯಾಗಿ ನಿಂತಿವೆ. ಗೊತ್ತಿಲ್ಲದವರು ನೋಡಿದರೆ ‘ಕಾಡು ಕಡಿದಿದ್ದಾರೆ’ ಎಂದು ಬರೆದು ಮುಂದಕ್ಕೆ ಕಳಿಸಿಬಿಡುತ್ತಾರೆ. ಅದು ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ಕೊಟ್ಟದ್ದು ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ಬರುವುದು ಅಲ್ಲಿಂದಲೇ. ಸೊಪ್ಪು ಸವರಿದ ಮರ ಮೇಲಿಂದ ಬೋಳಾಗಿಯೇ ಕಾಣುತ್ತದೆ. ಬೆಟ್ಟ ಹಾಳಾಗಿರುವ ಕಡೆಗಳೂ ಇವೆ, ಅತಿಕ್ರಮಣದ ಗಲಾಟೆಯೂ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಆದರೆ ಯಾವ ತುಂಡು ಯಾರದು, ಹಕ್ಕಿನದೋ ಅಲ್ಲವೋ ಎಂದು ಮೂರು ಸಾವಿರ ಅಡಿ ಮೇಲಿಂದ ತೀರ್ಮಾನ ಮಾಡುವ ಹಾಗಿಲ್ಲ. ಇಂಥದೇ ಒಂದು ಫೋಟೊ ತಪ್ಪು ಬರಹದೊಂದಿಗೆ ಊರೂರು ಸುತ್ತಿ, ಏನೂ ತಪ್ಪು ಮಾಡದ ಒಂದು ಮನೆಯವರು ತಿಂಗಳುಗಟ್ಟಲೆ ಎಲ್ಲರಿಗೂ ಉತ್ತರ ಕೊಡುತ್ತ ಕೂತದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಿಮ್ಮ ಫೋಟೊದ ಕೆಳಗೆ ‘ಶಿರಸಿ ತಾಲ್ಲೂಕು, ಅಡಿಕೆ ತೋಟ ಮತ್ತು ಸೊಪ್ಪಿನ ಬೆಟ್ಟ, ನವೆಂಬರ್’ ಎಂದಿದ್ದರೆ ಸಾಕು. ಯಾರದ್ದಾದರೂ ಅಂಗಳ, ಬಚ್ಚಲು, ಒಣಗಿಸಿದ ಅಡಿಕೆಯವರೆಗೆ ಸ್ಪಷ್ಟವಾಗಿ ಕಾಣುವ ಫೋಟೊ ಇದ್ದರೆ ಆ ಮನೆಯವರನ್ನು ಕೇಳದೆ ಹಾಕಬೇಡಿ.

ಇನ್ನು ಆ ನೀಲಿ ಮಸುಕು. ಅದು ಕ್ಯಾಮೆರಾದ ದೋಷವಲ್ಲ. ನಿಮಗೂ ನೆಲಕ್ಕೂ ನಡುವೆ ಕಿಲೋಮೀಟರುಗಟ್ಟಲೆ ಗಾಳಿ ಇದೆ, ಗಾಳಿಯಲ್ಲಿ ತೇವ, ಉಪ್ಪಿನ ಕಣ, ಹೊಗೆ. ಬೆಳಕು ಇವಕ್ಕೆ ತಾಗಿ ಚೆದುರುತ್ತದೆ, ಗಾಳಿಯ ಅಣುಗಳು ನೀಲಿಯನ್ನೇ ಹೆಚ್ಚು ಚೆದುರಿಸುತ್ತವೆ. ನೇರ ಕೆಳಗೆ ನೋಡಿದರೆ ಗಾಳಿಯ ಪದರ ತೆಳು, ದೂರಕ್ಕೆ ಓರೆಯಾಗಿ ನೋಡಿದಷ್ಟೂ ದಪ್ಪ. ಅದಕ್ಕೇ ನಿಮ್ಮ ಫೋಟೊಗಳ ಮೇಲಿನ ಅರ್ಧ ಹೆಚ್ಚು ಮಸುಕಾಗಿದೆ. ಮಳೆ ಹೊಳವಾದ ಕೂಡಲೇ, ಅಕ್ಟೋಬರ್ ಕೊನೆಯಿಂದ ನವೆಂಬರಿನಲ್ಲಿ, ಗಾಳಿ ತೊಳೆದ ಹಾಗಿರುತ್ತದೆ. ನೀವು ಆರಿಸಿದ ತಿಂಗಳು ಒಳ್ಳೆಯದೇ ಆಗಿತ್ತು. ಸರಿಪಡಿಸುವಾಗ ಮೊದಲು ಬಿಳಿಬಣ್ಣದ ಸಮತೋಲವನ್ನು ಸ್ವಲ್ಪ ಹಳದಿ ಕಡೆಗೆ ತನ್ನಿ, ಆಮೇಲೆ ಕಪ್ಪು ಎಲ್ಲಿಂದ ಶುರುವಾಗಬೇಕು ಎನ್ನುವುದನ್ನು ಒಂಚೂರು ಏರಿಸಿ, ಕೊನೆಗೆ ಮಬ್ಬು ತೆಗೆಯುವ ಗುಂಡಿ. ಕೊನೆಯದನ್ನು ಅರ್ಧಕ್ಕಿಂತ ಮುಂದೆ ಎಳೆಯಬೇಡಿ, ಆಕಾಶ ಮಸಿ ಬಳಿದಂತೆ ಆಗುತ್ತದೆ.

ಬಣ್ಣ ಹೆಚ್ಚಿಸುವ ಗುಂಡಿಯನ್ನಂತೂ ಮುಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಮ್ಮ ಅಳಿವೆಯ ನೀರು ಮಳೆಗಾಲ ಮುಗಿದ ಹೊಸದರಲ್ಲಿ ಕಂದಾಗಿಯೇ ಇರುತ್ತದೆ. ಆ ಕಂದು ಘಟ್ಟದಿಂದ ಇಳಿದು ಬಂದ ಮಣ್ಣು. ಅದು ಕಡಲಿಗೆ ಎಷ್ಟು ದೂರ ಹೋಗಿ ಎಲ್ಲಿ ನೀಲಿಯಲ್ಲಿ ಕರಗುತ್ತದೆ ಎನ್ನುವುದೇ ನಿಮ್ಮ ಎರಡನೆಯ ಫೋಟೊದ ಜೀವ. ಅದನ್ನು ಪಾಚಿಹಸಿರೋ ಅಚ್ಚನೀಲಿಯೋ ಮಾಡಿದರೆ ನೋಡುವವರು ಆಹಾ ಎನ್ನುತ್ತಾರೆ, ಆದರೆ ಅಘನಾಶಿನಿ ಆ ಫೋಟೊದಲ್ಲಿ ಇರುವುದಿಲ್ಲ. ತಿದ್ದುವ ಮೊದಲು ಮೂಲ ಫೋಟೊದ ಪ್ರತಿಯನ್ನು ಬೇರೆ ಎರಡು ಕಡೆ ಇಟ್ಟುಕೊಳ್ಳಿ.

ವಾಟ್ಸಾಪಿನಲ್ಲಿ ಕಳಿಸುವುದಾದರೆ, ಸಾಮಾನ್ಯವಾಗಿ ಕಳಿಸಿದ ಫೋಟೊ ಉದ್ದದ ಬದಿಗೆ 1600 ಚುಕ್ಕಿಗಳ ಆಸುಪಾಸಿಗೆ ಕುಗ್ಗುತ್ತದೆ. ಒಳ್ಳೆಯ ಮುದ್ರಣಕ್ಕೆ ಅದು ಐದು ಇಂಚಿನ ಅಗಲಕ್ಕೆ ಸಾಕು, ನಿಮ್ಮ ಬೆಳಚು ಆರಿಸುವವರು ಅದರಲ್ಲಿ ಮಾಯ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಗಾತ್ರ ಹಾಗೇ ಹೋಗುತ್ತದೆ, ಜೊತೆಗೆ ಜಿಪಿಎಸ್ ಗುರುತು, ಹೊತ್ತು ಎಲ್ಲವೂ ಹೋಗುತ್ತವೆ. ಶಾಲೆಯ ಮುದ್ರಣಕ್ಕೆ ಡಾಕ್ಯುಮೆಂಟ್, ಬಂಧುಗಳಿಗೆ ಕುಗ್ಗಿಸಿದ್ದು, ಹೀಗೆ ಬೇರೆಬೇರೆ ಮಾಡಿ. ಹನ್ನೆರಡು ಮೆಗಾಪಿಕ್ಸೆಲ್ ಫೋನಿನ ಫೋಟೊ ಹನ್ನೆರಡಕ್ಕೆ ಹದಿನೆಂಟು ಇಂಚಿನವರೆಗೆ ಗೋಡೆಯ ಮೇಲೆ ಚೆನ್ನಾಗಿಯೇ ಬರುತ್ತದೆ.

ಹಕ್ಕು ನಿಮ್ಮದು. ವಿಮಾನ ಯಾರದ್ದಾದರೂ ಸರಿ, ಗುಂಡಿ ಒತ್ತಿದವರೇ ಮೊದಲ ಹಕ್ಕುದಾರರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೊಕ್ಕೆ ತೆಗೆದವರ ಜೀವಮಾನ ಪೂರ್ತಿ, ಅವರ ನಂತರ ಇನ್ನೂ 60 ವರ್ಷ ರಕ್ಷಣೆ ಇದೆ. ಅಕ್ಕನ ಮಗನ ಸ್ನೇಹಿತ ತೆಗೆದ ಫೋಟೊ ನಿಮ್ಮ ಕಟ್ಟಿನಲ್ಲಿ ಸೇರಿದ್ದರೆ ಅವನ ಹೆಸರನ್ನೇ ಹಾಕಿ. ಎಲ್ಲರಿಗೂ ಸಿಗಲಿ ಎಂಬ ಮನಸ್ಸಿದ್ದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ವಿಕಿಮೀಡಿಯ ಕಾಮನ್ಸ್‌ಗೆ ಕೊಡಬಹುದು, ಹೆಸರು ಹೇಳಿ ಯಾರು ಬೇಕಾದರೂ ಬಳಸಿಕೊಳ್ಳುತ್ತಾರೆ. ಕನ್ನಡ ವಿಕಿಪೀಡಿಯದಲ್ಲಿ ನಮ್ಮ ಹೊಳೆಗಳ ಪುಟಗಳಿಗೆ ಇಂಥ ಫೋಟೊ ಬೇಕೇಬೇಕು. ಮಾರಾಟದ ಯೋಚನೆ ಬಂದರೆ ಮಾತ್ರ ನಿಲ್ಲಿ. ಖಾಸಗಿ ಪೈಲಟ್ ಪರವಾನಗಿ ಇರುವವರು ಹಣ ಪಡೆದು ಹಾರಿಸುವಂತಿಲ್ಲ. ವ್ಯಾಪಾರಕ್ಕಾಗಿ ಹಾರಿದರು ಎಂಬ ಮಾತು ಆ ಹುಡುಗನ ಮೇಲೆ ಬರಬಾರದು.

ಮತ್ತೆ ಹಾರುವ ಅವಕಾಶ ಬಂದರೆ, ಈ ಸಲ ಕಾಗದದೊಂದಿಗೆ, ನಾಲ್ಕು ಮಾತು. ಕಡುಬಣ್ಣದ ಸೀರೆ ಉಡಿ. ನಿಮ್ಮ ಮೂರನೆಯ ಫೋಟೊದ ನಡುವೆ ಇರುವ ಬಿಳಿ ಕಲೆ ಮೋಡವಲ್ಲ, ಕಿಟಕಿಯಲ್ಲಿ ಬಿದ್ದ ನಿಮ್ಮದೇ ಬಟ್ಟೆಯ ಪ್ರತಿಬಿಂಬ. ಕೈಯನ್ನೋ ಲೆನ್ಸನ್ನೋ ಕಿಟಕಿಗೆ ಆನಿಸಬೇಡಿ, ಎಂಜಿನ್ನಿನ ನಡುಕ ನೇರ ಫೋಟೊಕ್ಕೆ ಇಳಿಯುತ್ತದೆ. ಶಟರ್ ವೇಗ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಅಥವಾ ಅದಕ್ಕಿಂತ ಚುರುಕಾಗಿರಲಿ. ಹೊಳಪು ತಗ್ಗಿಸುವ ಧ್ರುವಕ (ಪೋಲರೈಸರ್) ಫಿಲ್ಟರ್ ಇದ್ದರೆ ಬಿಚ್ಚಿಡಿ, ವಿಮಾನದ ಪ್ಲಾಸ್ಟಿಕ್ ಕಿಟಕಿಯ ಮೂಲಕ ಅದು ಕಾಮನಬಿಲ್ಲಿನ ಪಟ್ಟೆ ಮೂಡಿಸುತ್ತದೆ. ಸೆಸ್ನಾದ ರೆಕ್ಕೆ ತಲೆಯ ಮೇಲಿರುವುದು ನಿಮ್ಮ ಪುಣ್ಯ, ಕೆಳಗಿನ ನೋಟಕ್ಕೆ ರೆಕ್ಕೆಯ ಆಸರೆಕಂಬ ಒಂದೇ ಅಡ್ಡ. ಕಿಟಕಿ ತೆರೆಯುವುದಾದರೆ ಪೈಲಟ್ ಹೇಳಿದ ಮೇಲೆಯೇ ತೆರೆಯಬೇಕು, ಕ್ಯಾಮೆರಾದ ಪಟ್ಟಿ ಕೊರಳಲ್ಲಿರಬೇಕು, ಲೆನ್ಸಿನ ಮುಂದಿನ ಬಿಡಿ ಕೊಳವೆ ಬಿಚ್ಚಿಟ್ಟಿರಬೇಕು. ಗಾಳಿಗೆ ಹಾರಿಹೋದ ವಸ್ತು ಬಾಲಕ್ಕೆ ಬಡಿದರೆ ಆಟವಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ‘ಇನ್ನೊಂದು ಸುತ್ತು ಹೊಡಿ, ಇನ್ನು ಸ್ವಲ್ಪ ಕೆಳಗೆ, ಇನ್ನು ಸ್ವಲ್ಪ ವಾಲಿಸು’ ಎಂದು ಪೈಲಟ್‌ಗೆ ಯಾವತ್ತೂ ಹೇಳಬೇಡಿ. ಚಿಕ್ಕಮ್ಮ ಕೇಳಿದಳು ಎಂದರೆ ಹುಡುಗ ಮಾಡಿಯೇ ಮಾಡುತ್ತಾನೆ. ಎತ್ತರ ಕಾಯ್ದುಕೊಂಡು ತಿರುಗುವಾಗ ವಿಮಾನ 60 ಡಿಗ್ರಿ ವಾಲಿದರೆ ಅದರ ಮೇಲಿನ ಭಾರ ಎರಡು ಪಟ್ಟಾಗುತ್ತದೆ, ಗಾಳಿಯ ಆಸರೆ ತಪ್ಪುವ ವೇಗ ಶೇಕಡಾ 41ರಷ್ಟು ಮೇಲಕ್ಕೆ ಏರುತ್ತದೆ. ನೇರ ಹಾರುವಾಗ ಸಾಕಾಗಿದ್ದ ವೇಗ ಆ ತಿರುವಿನಲ್ಲಿ ಸಾಲದೆ ಹೋಗುತ್ತದೆ. ನೆಲಕ್ಕೆ ಹತ್ತಿರ ಇದ್ದಾಗ ಸುಧಾರಿಸಿಕೊಳ್ಳಲು ಎತ್ತರವೇ ಇರುವುದಿಲ್ಲ. ಫೋಟೊಕ್ಕಾಗಿ ನಿಧಾನವಾಗಿ, ಕೆಳಗೆ, ಬಿಗಿಯಾಗಿ ಸುತ್ತುವುದೇ ಸಣ್ಣ ವಿಮಾನಕ್ಕೆ ಬಹಳ ಅಪಾಯದ ಗಳಿಗೆ. ದಾರಿ, ಎತ್ತರ, ಎಲ್ಲಿ ತಿರುಗುವುದು ಎಲ್ಲವನ್ನೂ ನೆಲದ ಮೇಲೆ ಕೂತು ನಕ್ಷೆಯಲ್ಲಿ ಗೆರೆ ಎಳೆದು ಮುಗಿಸಿ. ಮೇಲೆ ಹೋದ ಮೇಲೆ ಸಿಕ್ಕಿದ್ದು ಸಿಕ್ಕಿತು. ಅವನ ಕೈಗೂ ಕ್ಯಾಮೆರಾ ಕೊಡಬೇಡಿ.

ಅನುಮತಿಯ ಕಾಗದ ಇದ್ದು ಶಾಲೆಯಲ್ಲಿ ಪ್ರದರ್ಶನ ಆಗುವುದಾದರೆ ನನಗೊಂದು ಆಸೆ ಇದೆ. ನಾಲ್ಕನೆಯ ಫೋಟೊವನ್ನು ಗೋಡೆಗೆ ಒಂದು ದೊಡ್ಡದು ಹಾಕಿ, ಐದಾರು ಸಣ್ಣ ಪ್ರತಿ ಮಕ್ಕಳ ಕೈಗೆ ಕೊಡಿ. ಹುಣ್ಣಿಮೆಯದೋ ಅಮಾವಾಸ್ಯೆಯದೋ ಮಾರನೆಯ ದಿನ ಆರಿಸಿ, ಆಗ ಇಳಿತ ಜೋರು. ನೀರು ಪೂರಾ ಇಳಿಯುವ ಹೊತ್ತು ಯಾವುದೆಂದು ಬೆಳಚು ತೆಗೆಯುವ ಮನೆಯವರನ್ನು ಕೇಳಿ, ಆ ಹೊತ್ತಿಗೆ ಸರಿಯಾಗಿ ಮಕ್ಕಳನ್ನು ದಂಡೆಗೆ ಕರೆದುಕೊಂಡು ಹೋಗಿ. ಫೋಟೊದಲ್ಲಿರುವ ಆ ಎರಡು ದೋಣಿ ಎಲ್ಲಿ ಕೂತಿದ್ದವು ಎಂದು ಅವರೇ ಹುಡುಕಲಿ.